ಸೂಜಿಯ ತುದಿ ಮತ್ತು ಎರಡು ದಿನದ ನಗೆನಾಟಕ

ಕೊರೊನಾ ಕಳೆದು ಕಾರ್ಖಾನೆಗಳು ಮತ್ತೆ ಪೂರ್ತಿ ಜನರೊಂದಿಗೆ ನಡೆಯತೊಡಗಿದ ಎರಡನೆಯ ವರ್ಷ ಅದು. ನಾನಾಗ ಚನ್ನಪಟ್ಟಣ ಮತ್ತು ರಾಮನಗರದ ನಡುವೆ, ಹಳೆಯ ಹೆದ್ದಾರಿಯ ಪಕ್ಕದಲ್ಲಿದ್ದ ಒಂದು ಗಾರ್ಮೆಂಟ್ಸ್‌ನಲ್ಲಿ ಫ್ಲೋರ್ ಇನ್‌ಚಾರ್ಜ್ ಆಗಿದ್ದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದಾರ ಕತ್ತರಿಸುವ ಹೆಲ್ಪರ್ ಆಗಿ ಸೇರಿದವಳು ಟೈಲರ್ ಆಗಿ, ಲೈನ್ ಸೂಪರ್‌ವೈಸರ್ ಆಗಿ, ಕೊನೆಗೆ ಒಂದು ಇಡೀ ಮಹಡಿಯನ್ನು ನೋಡಿಕೊಳ್ಳುವ ಮಟ್ಟಕ್ಕೆ ಬಂದಿದ್ದೆ. ನನ್ನ ಮಹಡಿಯಲ್ಲಿ ನಾಲ್ಕು ಲೈನ್‌ಗಳು, ಒಂದೊಂದು ಲೈನ್‌ನಲ್ಲಿ ನಲವತ್ತೆರಡು ಮಿಷಿನ್‌ಗಳು. ದೊಡ್ಡಮಳೂರಿನವಳಾದ ನಾನು ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಅದರಲ್ಲಿದ್ದ ಅರ್ಧ ಜನ ನನ್ನ ಲೈನ್‌ನವರೇ ಆಗಿರುತ್ತಿದ್ದರು.

ಹೊರಗಿನವರಿಗೆ ಅಂಗಿ ಹೊಲಿಯುವುದು ಸುಲಭದ ಕೆಲಸವೆನಿಸುತ್ತದೆ. ನಮಗೆ ಅದರಲ್ಲಿ ಎಲ್ಲಕ್ಕಿಂತ ಹೆದರಿಕೆ ಮುರಿದ ಸೂಜಿಯದು. ಹೊಲಿಯುವಾಗ ಸೂಜಿ ಮುರಿದರೆ ಟೈಲರ್ ಕೂಡಲೇ ಮಿಷಿನ್ ನಿಲ್ಲಿಸಿ ಕೈ ಎತ್ತಬೇಕು. ಮೆಕ್ಯಾನಿಕ್ ಬಂದು ಅಯಸ್ಕಾಂತ ಹಿಡಿದು ಎಲ್ಲ ಚೂರುಗಳನ್ನೂ ಹುಡುಕಬೇಕು. ಸಿಕ್ಕ ಚೂರುಗಳನ್ನು ಜೋಡಿಸಿ, ಪೂರ್ತಿ ಸೂಜಿ ಆಯಿತೆಂದು ಖಚಿತವಾದ ಮೇಲೆ ರಿಜಿಸ್ಟರ್‌ನ ಹಾಳೆಗೆ ಟೇಪಿನಿಂದ ಅಂಟಿಸಿ, ಟೈಲರ್, ಮೆಕ್ಯಾನಿಕ್, ಇನ್‌ಚಾರ್ಜ್ ಮೂವರೂ ಸಹಿ ಹಾಕಬೇಕು. ಒಂದು ಚೂರು ಸಿಗದಿದ್ದರೂ ಆ ಮಿಷಿನ್ನಿನ ಸುತ್ತ ಇರುವ ಬಟ್ಟೆಯನ್ನೆಲ್ಲ ಬೇರೆ ಇಟ್ಟು ಒಂದೊಂದನ್ನೇ ಮೆಟಲ್ ಡಿಟೆಕ್ಟರ್‌ಗೆ ಹಾಕಬೇಕು. ಆ ಅಂಗಿ ನಾಳೆ ಯಾರದೋ ಮಗುವಿನ ಕುತ್ತಿಗೆಗೆ ತಾಗುವಂಥದ್ದು ಎಂಬುದು ಈ ನಿಯಮದ ಹಿಂದಿನ ಕಾರಣ.

ಗೌರಮ್ಮ ಬೈರಾಪಟ್ಟಣದವಳು. ಹನ್ನೊಂದು ವರ್ಷದಿಂದ ಕಾಲರ್ ಹೊಲಿಯುತ್ತಿದ್ದಳು. ಕಾಲರ್‌ನ ಮೂಲೆ ತಿರುಗಿಸುವುದರಲ್ಲಿ ಅವಳನ್ನು ಮೀರಿಸುವವರು ಇಡೀ ಕಾರ್ಖಾನೆಯಲ್ಲಿ ಇರಲಿಲ್ಲ. ಒಂದು ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಅವಳ ಸೂಜಿ ಮುರಿಯಿತು. ಅಂದೇ ಸಂಜೆ ಆ ಆರ್ಡರಿನ ಕಂಟೇನರ್ ಹೊರಡಬೇಕಿತ್ತು. ಗೌರಮ್ಮ ಮಿಷಿನ್ ನಿಲ್ಲಿಸಿ ಕೈ ಎತ್ತಿದಳು. ಮೆಕ್ಯಾನಿಕ್ ಇಮ್ರಾನ್ ಬಂದ. ಎರಡು ಚೂರು ಸಿಕ್ಕಿದವು, ತುದಿ ಸಿಗಲಿಲ್ಲ. ಸಾಲದ್ದಕ್ಕೆ ಮೆಟಲ್ ಡಿಟೆಕ್ಟರ್ ಆ ವಾರ ಕೆಟ್ಟು ಕೂತಿತ್ತು, ರಿಪೇರಿಯವನು ಬೆಂಗಳೂರಿನಿಂದ ಬರಬೇಕಿತ್ತು. ನಿಯಮದ ಪ್ರಕಾರ ಬಟ್ಟೆಯನ್ನು ತಡೆದು ಇಡುವುದೊಂದೇ ದಾರಿ.

ಅಷ್ಟರಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ರಘುನಂದನ್ ಬಂದರು. ನಮ್ಮಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಹೆಣ್ಣುಮಕ್ಕಳನ್ನು 'ಏಯ್' ಎಂದೇ ಕರೆಯುತ್ತಿದ್ದ ಮನುಷ್ಯ.

"ತುದಿ ಸಿಗಲಿಲ್ಲ ಅಂತ ಕಂಟೇನರ್ ನಿಲ್ಲಿಸೋಕಾಗುತ್ತೇನ್ರಿ? ಇಮ್ರಾನ್, ನಿನ್ನ ಜೇಬಲ್ಲಿ ಹಳೇ ಸೂಜಿ ಇರುತ್ತಲ್ಲ, ಮುರಿ. ಅದರ ತುದಿ ಅಂಟಿಸು. ಮುಗೀತು."

ನಾನು "ಸಾರ್, ರೂಲ್..." ಎಂದೆ.

"ರೂಲ್ ನನಗೆ ಹೇಳಿಕೊಡ್ತೀಯಾ?"

ಇಮ್ರಾನ್ ಸೂಜಿ ಮುರಿದ. ಗೌರಮ್ಮ ನನ್ನ ಮುಖ ನೋಡಿ, "ಸಹಿ ಹಾಕ್ಲಾ ಶಾರ್ದಕ್ಕ?" ಎಂದು ಕೇಳಿದಳು. ನಾನು ಹೂಂ ಎಂದು ತಲೆಯಾಡಿಸಿದೆ. ಮೂವರೂ ಸಹಿ ಹಾಕಿದೆವು. ರಘುನಂದನ್ ಸಹಿ ಎಲ್ಲೂ ಇರಲಿಲ್ಲ.

ಆರು ವಾರಗಳ ನಂತರ ದೂರು ಬಂತು. ಬಟ್ಟೆ ಕೊಂಡ ಕಂಪನಿಯವರು ತಮ್ಮ ಗೋದಾಮಿನಲ್ಲಿ ಪರೀಕ್ಷಿಸುವಾಗ ಒಂದು ಕಾಲರ್‌ನೊಳಗೆ ಸೂಜಿಯ ತುದಿ ಸಿಕ್ಕಿತ್ತು. ಯಾರಿಗೂ ಚುಚ್ಚಿರಲಿಲ್ಲ, ಅದೇ ಪುಣ್ಯ. ಬೆಂಗಳೂರಿನ ಹೆಡ್ ಆಫೀಸಿನಿಂದ ವಿಚಾರಣೆಗೆ ಆದೇಶ ಬಂತು, ವರದಿ ಬರೆಯುವ ಹೊಣೆ ಪ್ರೊಡಕ್ಷನ್ ಮ್ಯಾನೇಜರ್‌ಗೇ ಬಿತ್ತು. ರಘುನಂದನ್ ನನ್ನನ್ನೂ ಇಮ್ರಾನನನ್ನೂ ಬೇರೆ ಬೇರೆಯಾಗಿ ಕರೆದು ಒಂದೇ ಮಾತು ಹೇಳಿದರು: "ಹಾಳೆ ಮೇಲೆ ಮೂರು ಸಹಿ ಇದೆ. ಮೂರೂ ಜನ ಹೋಗ್ತೀರೋ, ಒಬ್ಬಳು ಹೋಗ್ತಾಳೋ, ನೀವೇ ಯೋಚನೆ ಮಾಡಿ." ವಿಚಾರಣೆಯ ವರದಿಯಲ್ಲಿ, ತಾನು ಆ ಹೊತ್ತಿನಲ್ಲಿ ಪಕ್ಕದ ಕಟ್ಟಡದ ಪ್ಯಾಕಿಂಗ್‌ನಲ್ಲಿದ್ದೆನೆಂದೂ, ಟೈಲರ್ ಬೈಗುಳಕ್ಕೆ ಹೆದರಿ ಬೇರೆ ಸೂಜಿಯ ತುದಿ ಅಂಟಿಸಿ ಎಲ್ಲರಿಗೂ ಮೋಸ ಮಾಡಿದಳೆಂದೂ ಬರೆದರು. ಅದಕ್ಕೆ ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ಹಾಕಿದ್ದು ನಿಜ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಇಡೀ ಮಹಡಿಯ ಮಿಷಿನ್‌ಗಳನ್ನು ನಿಲ್ಲಿಸಿದರು. ಗೌರಮ್ಮನನ್ನು ನಡುವಿನ ದಾರಿಯಲ್ಲಿ ನಿಲ್ಲಿಸಿ, "ನೋಡ್ಕೊಳ್ಳಿ, ಸುಳ್ಳು ಹೇಳಿ ಎಲ್ಲರ ಅನ್ನಕ್ಕೆ ಕಲ್ಲು ಹಾಕೋರು ಹೀಗಿರ್ತಾರೆ" ಎಂದರು ರಘುನಂದನ್. ಅವಳು ಅಳಲಿಲ್ಲ. ನನ್ನ ಕಡೆ ತಿರುಗಿ ನೋಡಿದಳು. ನಾನು ಕೈಯಲ್ಲಿದ್ದ ಪ್ರೊಡಕ್ಷನ್ ಶೀಟನ್ನು ನೋಡುತ್ತಾ ನಿಂತೆ. ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಕಳುಹಿಸಿದರು. ಗೇಟಿನಲ್ಲಿ ಸೆಕ್ಯೂರಿಟಿಯವನು ಅವಳ ಊಟದ ಡಬ್ಬಿಯನ್ನೂ ಬಿಚ್ಚಿಸಿ ತಲೆಕೆಳಗು ಮಾಡಿ ನೋಡಿದನಂತೆ. ಒಳಗಿದ್ದ ಮುದ್ದೆ ನೆಲಕ್ಕೆ ಬಿತ್ತಂತೆ.

ಅಂದಿನಿಂದ ನನ್ನೊಳಗೆ ಒಂದು ಕಿಚ್ಚು ಹತ್ತಿಕೊಂಡಿತು. ಅದನ್ನು ಸಾತ್ವಿಕ ಸಿಟ್ಟು ಎಂದು ಕರೆದು ದೊಡ್ಡವಳಾಗುವ ಆಸೆ ನನಗಿಲ್ಲ. ಅದು ಶುದ್ಧ ಸೇಡು. ಒಂಬತ್ತು ತಿಂಗಳ ಕಾಲ ಆ ಮನುಷ್ಯನಿಗೆ ದಿನವೂ "ಗುಡ್ ಮಾರ್ನಿಂಗ್ ಸಾರ್" ಎನ್ನುತ್ತಾ, ಅವನು ಎಲ್ಲಿ ಎಡವುತ್ತಾನೆ ಎಂದು ಕಾಯುತ್ತಿದ್ದೆ. ಅವನು ಯಾರನ್ನು ಎಷ್ಟು ಹೊತ್ತಿಗೆ ಏನೆಂದು ಬೈದ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೆ ಹಿಡಿಯಲು ಒಂದು ತುಂಡು ಕಾಗದವೂ ಅವನ ಹೆಸರಿನಲ್ಲಿ ಇರಲಿಲ್ಲ.

ಹೀಗಿರುವಾಗ ಹೆಡ್ ಆಫೀಸಿನವರು ಒಂದು ತರಬೇತಿ ಏರ್ಪಡಿಸಿದರು. ಕಟಿಂಗ್, ಹೊಲಿಗೆ, ಫಿನಿಶಿಂಗ್ ವಿಭಾಗದವರು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವುದು ವಿಪರೀತವಾಗಿತ್ತು, ಕೆಲಸ ಬಿಟ್ಟು ಹೋಗುವವರೂ ಹೆಚ್ಚಿದ್ದರು. ಅದಕ್ಕೆ 'ಲೀಡರ್‌ಶಿಪ್ ಮತ್ತು ಟೀಮ್‌ವರ್ಕ್' ಎಂಬ ಹೆಸರಿನಲ್ಲಿ ಎರಡು ದಿನದ ಕಾರ್ಯಕ್ರಮ. ರಾಮನಗರದ ಒಂದು ಹಾಲ್‌ನಲ್ಲಿ ಇಪ್ಪತ್ತನಾಲ್ಕು ಜನ ಸೇರಿದೆವು. ಪರದೆಯ ಮೇಲೆ ಏನೋ ತೋರಿಸುತ್ತಾರೆ, ನಿದ್ದೆ ಮಾಡಬಹುದು ಎಂದುಕೊಂಡು ಹೋದರೆ, ಮೇಘನಾ ಎಂಬ ಮೂವತ್ತು ವಯಸ್ಸಿನ ಹುಡುಗಿ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ ನಮ್ಮನ್ನು ವೃತ್ತದಲ್ಲಿ ನಿಲ್ಲಿಸಿದಳು. ಅವಳು ಬೆಂಗಳೂರಿನಲ್ಲಿ 'ಇಂಪ್ರಾವ್ ಕಾಮಿಡಿ' ಆಡುವವಳು. ಬರೆದಿಟ್ಟ ಮಾತಿಲ್ಲದೆ, ನೋಡುವವರು ಕೊಟ್ಟ ವಿಷಯದ ಮೇಲೆ ಅಲ್ಲೇ ಮಾತು ಕಟ್ಟಿ ನಗಿಸುವ ಆಟ ಅದು.

ಆಟದ ನಿಯಮಗಳನ್ನು ಅವಳು ಹೇಳಿಕೊಟ್ಟಳು. ಜೊತೆಗಾರ ಏನೇ ಹೇಳಲಿ ಅದನ್ನು ತಳ್ಳಿಹಾಕಬಾರದು. "ಹೌದು, ಆಮೇಲೆ..." ಎಂದು ಅದಕ್ಕೆ ತನ್ನದೊಂದು ಸೇರಿಸಬೇಕು. ಅವನ ಮಾತು ಮುಗಿಯುವವರೆಗೆ ಕೇಳಬೇಕು, ನಡುವೆ ತನ್ನ ಉತ್ತರ ಹೊಸೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ತಾನು ಮಿಂಚುವುದಕ್ಕಲ್ಲ, ಜೊತೆಗಾರ ಚೆನ್ನಾಗಿ ಕಾಣುವಂತೆ ಆಡಬೇಕು. "ನಿಮ್ಮ ಫ್ಲೋರ್‌ನಲ್ಲಿ ಯಾರಾದ್ರೂ ಏನಾದ್ರೂ ಹೇಳಿದ್ರೆ ಮೊದಲು ಬರೋ ಮಾತು ಯಾವುದು?" ಎಂದು ಕೇಳಿದಳು. ಲೈನ್ ಸೂಪರ್‌ವೈಸರ್ ಮಂಜುಳಾ ಕೂಡಲೇ, "'ಇಲ್ಲ' ಅಂತೀವಿ. ಇಲ್ಲಾಂದ್ರೆ 'ಬಾಯ್ ಮುಚ್ಕೊಂಡು ಹೊಲಿ' ಅಂತೀವಿ" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಗೌರಮ್ಮ ಕೈ ಎತ್ತಿ "ತುದಿ ಸಿಕ್ಕಿಲ್ಲ" ಎಂದಾಗ, "ಹೌದು, ಆಮೇಲೆ ಈ ಬಟ್ಟೆ ತಡೆದಿಡೋಣ" ಎನ್ನಬೇಕಾದದ್ದು ನನ್ನ ಕೆಲಸವಾಗಿತ್ತು. ಮುಂದಾಳು ಎನ್ನುವವನು ಮಾಡಬೇಕಾದದ್ದು ಅಷ್ಟೇ ಎಂದು ಮೊದಲ ಸಲ ಅರ್ಥವಾಯಿತು.

ಆದರೆ ನನ್ನ ಕಣ್ಣೆಲ್ಲ ರಘುನಂದನ್ ಮೇಲಿತ್ತು. ಆಶ್ಚರ್ಯವೆಂದರೆ, ಆಟದಲ್ಲಿ ಅವರು ಎಲ್ಲರಿಗಿಂತ ಚೂಟಿ. ಕಂಡಕ್ಟರ್ ಆದರು, ಕೋಡಿಹಳ್ಳಿ ಸಂತೆಯಲ್ಲಿ ಎಮ್ಮೆ ಮಾರುವವನಾದರು. ಜನ ನಕ್ಕಷ್ಟೂ ಅವರಿಗೆ ಹುರುಪು. ಆ ಹುರುಪಿನಲ್ಲಿ, ನಾಲಿಗೆಯ ಮೇಲೆ ಹಿಡಿತ ತಪ್ಪುತ್ತಿತ್ತು. ಎಮ್ಮೆ ಮಾರುವ ಆಟದಲ್ಲೇ ತಮ್ಮ ಮಾವನ ಮನೆಯ ಗುಟ್ಟೊಂದನ್ನು ಹೇಳಿಬಿಟ್ಟು, ಆಮೇಲೆ ಕೆಮ್ಮಿ ಮಾತು ತಿರುಗಿಸಿದರು. ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಅದೇ ನೆನಪಾಗಿ ನಾನು ಸೀಟಿನಲ್ಲಿ ನೆಟ್ಟಗೆ ಕುಳಿತೆ. ಒಂಬತ್ತು ತಿಂಗಳು ಕಾಗದ ಹುಡುಕುತ್ತಿದ್ದೆ. ಬೇಕಾಗಿದ್ದದ್ದು ಕಾಗದವಲ್ಲ, ಚಪ್ಪಾಳೆ.

ಪಕ್ಕದಲ್ಲಿದ್ದ ಇಮ್ರಾನನಿಗೆ, "ನಾಳೆ ನಾನು ಆಡೋಕೆ ಎದ್ರೆ ವಿಷಯ ನೀನು ಕೂಗು" ಎಂದೆ.

"ಯಾವ ವಿಷ್ಯ ಅಕ್ಕ?"

"ಸೂಜಿ."

"ನನ್ನ ಕೆಲ್ಸನೂ ಹೋಯ್ತದೆ ಕಣಕ್ಕ," ಎಂದ. ಸ್ವಲ್ಪ ದೂರ ಹೋದ ಮೇಲೆ, "ಹೋದ್ರೆ ಹೋಗ್ಲಿ ಬುಡಿ. ಆವತ್ತಿಂದ ಆ ಜೇಬ್ನಾಗೆ ನಾನು ಏನೂ ಇಟ್ಕೊಳಾದೇ ಬುಟ್ಟಿವ್ನಿ," ಎಂದ.

ಎರಡನೆಯ ದಿನ ಹೆಡ್ ಆಫೀಸಿನಿಂದ ವೈಸ್ ಪ್ರೆಸಿಡೆಂಟ್ ಇನ್ನಿಬ್ಬರೊಂದಿಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಗೌರಮ್ಮನ ವಿಚಾರಣೆಯ ಕಡತಕ್ಕೆ ಕೊನೆಯ ಸಹಿ ಹಾಕಿದವರು ಈ ವಿ.ಪಿ.ಯೇ. ಮಧ್ಯಾಹ್ನದ ಕೊನೆಯ ಆಟ, ಪಾತ್ರ ಅದಲುಬದಲು. ಮೇಲಿನವರು ಕೆಳಗಿನವರಾಗಬೇಕು, ಕೆಳಗಿನವರು ಮೇಲಿನವರಾಗಬೇಕು. "ಯಾರು ಬರ್ತೀರಿ?" ಎಂದು ಮೇಘನಾ ಕೇಳುವುದರೊಳಗೆ ಎದ್ದು ನಿಂತೆ. "ರಘುನಂದನ್ ಸಾರ್ ಜೊತೆ" ಎಂದೆ. ಅವರು ಕಾಲರ್ ಸರಿಮಾಡಿಕೊಂಡು ಖುಷಿಯಿಂದಲೇ ಬಂದರು.

"ವಿಷಯ?" ಎಂದಳು ಮೇಘನಾ.

ಹಿಂದಿನಿಂದ ಇಮ್ರಾನ್ ಕೂಗಿದ: "ಕಾಲರ್ ಸೆಕ್ಷನ್ನು! ಸೂಜಿ ಮುರ್ದದೆ!"

ರಘುನಂದನ್ ಮುಖದಲ್ಲಿ ಒಂದು ಕ್ಷಣ ಏನೋ ಹಾದುಹೋಯಿತು. ಆದರೆ ವಿ.ಪಿ. ನಗುತ್ತಾ ಕೈ ತಟ್ಟಿದರು. ಅಷ್ಟು ಸಾಕಾಯಿತು. ರಘುನಂದನ್ ಇಲ್ಲದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೆಣ್ಣಿನ ದನಿ ಮಾಡಿ, "ಅಯ್ಯಯ್ಯೋ ಸಾರ್, ತುದಿ ಸಿಕ್ಕಿಲ್ಲ ಸಾರ್, ನಾನೇನ್ ಮಾಡ್ಲಿ ಸಾರ್" ಎಂದು ಕುಣಿದರು. ಹಾಲ್ ತುಂಬ ನಗು.

ನಾನು ಸೊಂಟದ ಮೇಲೆ ಕೈಯಿಟ್ಟು ಅವರಂತೆಯೇ ನಿಂತೆ. "ಏಯ್, ತುದಿ ಸಿಗಲಿಲ್ಲ ಅಂತ ಕಂಟೇನರ್ ನಿಲ್ಲಿಸೋಕಾಗುತ್ತೇನೇ?"

"ಹೌದು ಸಾರ್, ನಿಲ್ಸಕ್ಕಾಗಲ್ಲ ಸಾರ್. ಆಮೇಲೆ... ಬೇರೆ ಸೂಜಿ ಮುರ್ದು ಅದರ ತುದಿ ಅಂಟಿಸ್ಬುಡ್ತೀನಿ ಸಾರ್!"

ಮತ್ತೆ ನಗು. ನಾನು ಬಿಡಲಿಲ್ಲ. "ಬೇರೆ ಸೂಜಿ ಎಲ್ಲಿಂದ ತರ್ತೀಯಾ?"

"ನೀವೇ ಹೇಳಿದ್ರಲ್ಲ ಸಾರ್, ಇಮ್ರಾನಣ್ಣನ ಜೇಬಲ್ಲಿ ಹಳೇದು ಐತೆ ಅಂತ!"

ಈ ಸಲ ನಕ್ಕವರು ಹೆಡ್ ಆಫೀಸಿನ ಇಬ್ಬರು ಮಾತ್ರ. ರಘುನಂದನ್ ಕೈ ಇನ್ನೂ ಇಲ್ಲದ ಸೆರಗನ್ನು ಹಿಡಿದುಕೊಂಡೇ ಇತ್ತು. ತಾನು ಏನು ಹೇಳಿದೆನೆಂದು ಅವರಿಗೆ ಆಗ ಹೊಳೆಯಿತು. ಆ ಮುಖವನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಒಂಬತ್ತು ತಿಂಗಳ ಹಸಿವಿಗೆ ಅನ್ನ ಬಡಿಸಿದ ಹಾಗಿತ್ತು.

ವಿ.ಪಿ. ನಿಧಾನವಾಗಿ ಕೇಳಿದರು: "ಆ ಹೊತ್ತಿಗೆ ನೀವು ಪ್ಯಾಕಿಂಗ್‌ನಲ್ಲಿದ್ದೆ ಅಂತ ಬರೆದಿದ್ರಿ. ಜೇಬಿನ ಸೂಜಿ ವಿಷಯ ವರದಿಯಲ್ಲಿ ಎಲ್ಲೂ ಇಲ್ಲವಲ್ಲ?"

"ಸಾರ್, ಇದು ಕಾಮಿಡಿ... ಸುಮ್ಮನೆ ಬಾಯಿಗೆ ಬಂದಿದ್ದು..."

ಇಮ್ರಾನ್ ಎದ್ದು ನಿಂತ. "ಹೌದು ಸಾರ್, ಅವ್ರು ಹೇಳಿದ್ರು. ಆಮೇಲೆ ಆ ಸೂಜಿ ಮುರ್ದಿದ್ದು ನಾನೇ."

ಮಂಜುಳಾಳಿಗೆ ನಾನು ಏನೂ ಹೇಳಿರಲಿಲ್ಲ. ಅವಳೂ ಎದ್ದಳು. "ಹೌದು ಸಾರ್. ಆಮೇಲೆ ಆ ಬಟ್ಟೆ ಬಂಡಲ್ನ ಪ್ಯಾಕಿಂಗ್‌ಗೆ ಕಳ್ಸು ಅಂತ ನನ್ಗೆ ಹೇಳಿದ್ದೂ ಇವ್ರೇಯ."

ಉಳಿದದ್ದು ನನ್ನ ಮಾತು. ಅದುವರೆಗೆ ನನ್ನ ಲೆಕ್ಕದಲ್ಲಿ ಇದ್ದದ್ದು ಅವನು ಬೀಳುವುದು ಮಾತ್ರ. ಅವನನ್ನು ಪೂರ್ತಿ ಬೀಳಿಸಬೇಕಾದರೆ ನಾನೂ ಬೀಳಬೇಕು ಎಂಬುದು ಅಲ್ಲಿ ನಿಂತಾಗಲೇ ತಿಳಿದದ್ದು. "ಹೌದು ಸಾರ್," ಎಂದೆ. "ಆಮೇಲೆ ಗೌರಮ್ಮನ ಮೇಲೆ ಸುಳ್ಳು ಸಾಕ್ಷಿಗೆ ಸಹಿ ಹಾಕಿದವಳು ನಾನು."

ತರಬೇತಿ ಅಲ್ಲಿಗೆ ಮುಗಿಯಿತು. ಹೊರಗೆ ಮೇಘನಾ ನನ್ನ ಹತ್ತಿರ ಬಂದಳು. ಮುಖ ಬಿಳಿಚಿಕೊಂಡಿತ್ತು. "ಮೇಡಂ, ಜೊತೆಗಾರ ಚೆನ್ನಾಗಿ ಕಾಣೋ ಹಾಗೆ ಆಡಬೇಕು ಅಂತ ಹೇಳಿಕೊಟ್ಟಿದ್ದೆ. ನೀವು ನನ್ನ ಆಟನ ಬಲೆ ಮಾಡಿಬಿಟ್ರಿ" ಎಂದಳು. ಅವಳು ಹೇಳಿದ್ದು ಸರಿಯಿತ್ತು. "ಮಾಡಿದೆ ಮೇಡಂ. ನನ್ನ ಜೊತೆಗಾರಳು ಆ ಹಾಲ್‌ನಲ್ಲಿ ಇರಲಿಲ್ಲ" ಎಂದೆ. ಅವಳು ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಮರುವಿಚಾರಣೆ ಮೂರು ವಾರ ನಡೆಯಿತು. ರಘುನಂದನ್ ಕೆಲಸ ಹೋಯಿತು. ಇಮ್ರಾನನಿಗೂ ನನಗೂ ಎಚ್ಚರಿಕೆಯ ಪತ್ರ ಕೊಟ್ಟರು. ನನಗೆ ಬರಬೇಕಿದ್ದ ಬಡ್ತಿ ನಿಂತಿತು, ಮತ್ತೆ ಬರಲೂ ಇಲ್ಲ. ರಘುನಂದನ್ ಹೋಗುವ ದಿನ, ಮ್ಯಾನೇಜರ್ ಎಂದು ವಿನಾಯಿತಿ ಕೊಡದೆ ಬ್ಯಾಗು, ಡಬ್ಬಿ ಎರಡನ್ನೂ ಬಿಚ್ಚಿ ನೋಡಬೇಕೆಂದು ಸೆಕ್ಯೂರಿಟಿಯವನಿಗೆ ನಾನೇ ಹೇಳಿದ್ದೆ. ಮಹಡಿಯ ಕಿಟಕಿಯಲ್ಲಿ ನಿಂತು, ಅವರು ಬಿಸಿಲಿನಲ್ಲಿ ಡಬ್ಬಿಯ ಮುಚ್ಚಳ ತೆಗೆದು ಹಿಡಿದದ್ದನ್ನು ನೋಡಿದೆ. ದೊಡ್ಡವರು ಇಂಥ ಕಡೆ 'ಆಗ ನನಗೆ ಅಯ್ಯೋ ಅನ್ನಿಸಿತು' ಎಂದು ಬರೆಯುತ್ತಾರೆ. ನನಗೆ ಅನ್ನಿಸಲಿಲ್ಲ.

ಗೌರಮ್ಮನನ್ನು ಮತ್ತೆ ಕೆಲಸಕ್ಕೆ ಕರೆಯಲು ಹೆಡ್ ಆಫೀಸು ಒಪ್ಪಿತು. ಪತ್ರ ಹಿಡಿದು ಬೈರಾಪಟ್ಟಣಕ್ಕೆ ನಾನೇ ಹೋದೆ. ಅವಳು ಮನೆಯ ಮುಂದೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ಗೆದ್ದು ಬಂದ ಹುರುಪಿನಲ್ಲಿ ನಾನು ಎಲ್ಲವನ್ನೂ ಹೇಳಿದೆ. ಸೆರಗು ಎಳೆದುಕೊಂಡದ್ದು, ಸಿಕ್ಕಿಬಿದ್ದದ್ದು, ಡಬ್ಬಿ ಬಿಚ್ಚಿಸಿದ್ದು. ಅವಳು ಕೈ ನಿಲ್ಲಿಸದೆ ಕೇಳಿದಳು.

"ಒಳ್ಳೇದಾಯ್ತು ಬುಡಿ," ಎಂದಳು ಕೊನೆಗೆ. "ನಿಮ್ಗೆ ಸಮಾಧಾನ ಆಯ್ತಲ್ಲ."

"ನಿನಗೋಸ್ಕರ ಕಣೇ ಮಾಡಿದ್ದು."

"ನನ್ ನಿಲ್ಸಿದ್ದು ನಾಕ್ ಲೈನ್ ಜನದ ಮುಂದೆ ಮೇಡಂ. ಮಿಷಿನ್ ಎಲ್ಲಾ ನಿಲ್ಸಿ. ಈಗ ನಿಜ ಅಂತ ಹೇಳಿರೋದು ಎಲ್ಲೋ ರಾಮ್ನಗ್ರದ ಹಾಲ್ನಾಗೆ, ಬಾಗ್ಲಾಕ್ಕೊಂಡು. ಈ ಊರ್ನಲ್ಲಿ ನಾನು ಇವತ್ಗೂ ಸೂಜಿ ಕಳ್ಳಿನೇ." ಸೊಪ್ಪನ್ನು ಬುಟ್ಟಿಗೆ ತುಂಬಿ ಎದ್ದಳು. "ಅವ್ನು ಯಾರೋ ಹೊರ್ಗಿನೋನು. ಅವ್ನ ಮೇಲೆ ನಂಗೆ ಅಷ್ಟ್ ಸಿಟ್ಟಿಲ್ಲ. ನೀವು ಆವತ್ತು ಆ ಹಾಳೆ ನೋಡ್ತಾ ನಿಂತಿದ್ರಲ್ಲ."

ನಾನು ಕೈಯಲ್ಲಿದ್ದ ಪತ್ರವನ್ನು ಅವಳ ಮುಂದೆ ಹಿಡಿದೆ. ಅವಳು ಹೇಳಿದಳು, "ಬತ್ತೀನಿ. ಆದ್ರೆ ಅದೇ ಜಾಗದಲ್ಲಿ, ಮಿಷಿನ್ ನಿಲ್ಸಿ, ನೀವೇ ಹೇಳ್ಬೇಕು."

ಆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ನಾಲ್ಕೂ ಲೈನ್ ನಿಲ್ಲಿಸಿದೆ. ಹೊಸ ಮ್ಯಾನೇಜರ್ ಹತ್ತು ನಿಮಿಷ ಕೊಟ್ಟಿದ್ದರು. ಗೌರಮ್ಮ ನಡುವಿನ ದಾರಿಯಲ್ಲಿ ನಿಂತಳು, ನಾನು ಅವಳ ಎದುರಿಗೆ. ನೂರಾ ಎಪ್ಪತ್ತಕ್ಕೂ ಹೆಚ್ಚು ಜನರ ಮುಂದೆ, ಸೂಜಿ ಮುರಿದದ್ದರಿಂದ ಹಿಡಿದು ನಾನು ಸಹಿ ಹಾಕಿದ್ದರವರೆಗೆ ಒಂದನ್ನೂ ಬಿಡದೆ ಹೇಳಿದೆ. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೌರಮ್ಮ ಸುತ್ತ ಒಮ್ಮೆ ಎಲ್ಲರ ಮುಖ ನೋಡಿ, ತನ್ನ ಮಿಷಿನ್ನಿನ ಮುಂದೆ ಕುಳಿತು ಸೂಜಿಗೆ ದಾರ ಪೋಣಿಸಿದಳು. ನಾನು ನಿವೃತ್ತಳಾಗುವವರೆಗೂ ಅವಳು ನನ್ನನ್ನು ಮೇಡಂ ಎಂದೇ ಕರೆದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಕೆಲಸ ಅಚ್ಚುಕಟ್ಟು. ಊಟಕ್ಕೆ ಮಾತ್ರ ಬೇರೆ ಮೇಜಿಗೆ ಹೋಗುತ್ತಿದ್ದಳು.

ನಿವೃತ್ತಿಯ ನಂತರ ಕನಕಪುರ, ಮಾಗಡಿ ಕಡೆಯ ಹೊಸ ಸೂಪರ್‌ವೈಸರ್‌ಗಳಿಗೆ ಪಾಠ ಹೇಳಲು ನನ್ನನ್ನು ಕರೆಯುತ್ತಾರೆ. ಈ ಕಥೆ ಕೇಳಿದವರು ನಕ್ಕು, "ಸರಿಯಾಗಿ ಮಾಡಿದ್ರಿ ಮೇಡಂ" ಎನ್ನುತ್ತಾರೆ. ಆ ಮನುಷ್ಯನ ಮಟ್ಟಿಗೆ ನಾನೂ ಹಾಗೇ ಅಂದುಕೊಂಡಿದ್ದೇನೆ. ಅವನ ಮೇಲಿನ ಸಿಟ್ಟು ಇಂದಿಗೂ ಇಳಿದಿಲ್ಲ, ಇಳಿಯಬೇಕೆಂದು ನಾನು ಪ್ರಯತ್ನಿಸಿಯೂ ಇಲ್ಲ. ಆದರೆ ಆ ಸೂಪರ್‌ವೈಸರ್‌ಗಳಿಗೆ ನಾನು ಹೇಳುವುದು ಬೇರೆ. ಮೇಲಿನವನು ತಪ್ಪು ಮಾಡಿಸುವ ಹೊತ್ತಿನಲ್ಲಿ ನಮ್ಮ ಕೈಕೆಳಗಿನವರು ನಮ್ಮ ಮುಖ ನೋಡುತ್ತಾರೆ. ಆ ಹೊತ್ತು ಬಹಳ ಚಿಕ್ಕದು, ಅದರಲ್ಲಿ ಆಡಬೇಕಾದ ಮಾತೂ ಚಿಕ್ಕದು. ಅದನ್ನು ಆಡದೆ ಹೋದರೆ, ಆಮೇಲೆ ಎಷ್ಟೇ ಜಾಣತನದಿಂದ ಸೇಡು ತೀರಿಸಿಕೊಂಡರೂ ಅದರ ರುಚಿ ನಮಗೆ ಮಾತ್ರ. ನಮ್ಮ ಮುಖ ನೋಡಿದವರಿಗೆ ಅದರಲ್ಲಿ ಪಾಲಿಲ್ಲ.